ಮುಂದಿನ ಸಾಲಿನ ಖುರ್ಚಿ

ಶಲವಡಿ
೧೨ ನವೆಂಬರ್ ೨೦೨೪

ಆಸೀಫ,

ಲೇ, ನಂಬರ್ ಬದಲಿಸಿದರೆ ಮನುಷ್ಯ ಕೈಗೆ ಸಿಗುವುದಿಲ್ಲ ಅಂದುಕೊಂಡಿದ್ದೀಯೇನು? ನಿನ್ನ ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುವುದನ್ನು ಮರೆತೆ ನೀನು. ನಿನ್ನೆ ರವಿಕೆ ಹೊಲಿಯಲು ಕೊಡುವ ನೆಪದಲ್ಲಿ ಮೆಹರುನಬಿ ಖಾಲಾ ಹತ್ತಿರ ಹೋಗಿದ್ದೆ. "ಆಸೀಫ ಎಲ್ಲಿ ಅದಾನ ಖಾಲಾ?" ಅಂದೆ. ಹೊಲಿಗೆ ಮಷೀನು ತುಳಿಯುತ್ತಲೇ "ಪುಣೇದಾಗ ಅದಾನ. ಮಾಲಕ್ಷ್ಮಿಗೆ ಹೇಳಬ್ಯಾಡ ಅಂದಾನ" ಅಂದಳು. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಆಮೇಲೆ ತಾನೇ ಎದ್ದು ಹೋಗಿ ನಿನ್ನ ವಿಳಾಸದ ಚೀಟಿ ತಂದು ನನ್ನ ಕೈಗಿಟ್ಟಳು. ಫೋನಿನ ನಂಬರ್ ಬದಲಿಸಿದಿ, ಪೋಸ್ಟ್‌ಮನ್ನನ್ನು ಹೆಂಗ ಬದಲಿಸ್ತಿ?

ನೀನು ಹೋದ ದಿನ ಇಲ್ಲಿ ಏನಾಯಿತು ಕೇಳು. ಮಾಂತೇಶನ ಮನೆಯ ಹತ್ತಿ ಖೋಲಿಯಲ್ಲಿ ಪ್ರಾಕ್ಟೀಸಿಗೆ ಕೂತಿದ್ದೆವು. ಹೊಸ ಹತ್ತಿ ಮೊಳಕಾಲುದ್ದ ಬಿದ್ದಿತ್ತು. ಶಿವಾಜಿ ತನ್ನ ಬೇಸ್ ಗಿಟಾರಿನ ಶ್ರುತಿ ಮಾಡಿಕೊಂಡ. ನಾನು ಬಾಗಿಲ ಕಡೆ ನೋಡುತ್ತಿದ್ದೆ. ಮಾಂತೇಶ ಡ್ರಮ್ಮಿನ ಕೋಲು ಕೆಳಗಿಟ್ಟು, "ಆಂವ ಬರೂದಿಲ್ಲ. ದೊಡ್ಡ ಬ್ಯಾಂಡಿನವ್ರು ಕರದಾರಂತ, ಹ್ವಾದ" ಅಂದ. ಎಲ್ಲಿಗೆ ಅಂದರೆ ಬಾಯಿ ಬಿಡಲಿಲ್ಲ. ಅಂದರೆ ನೀನು ಅವನಿಗೆ ಹೇಳಿದ್ದೆ, ನನಗೆ ಹೇಳಲಿಲ್ಲ. ಮೈಯೆಲ್ಲ ಉರಿಯಿತು ನನಗೆ. ಬೆಣ್ಣಿಹಳ್ಳ ಅಂತ ಬ್ಯಾಂಡಿಗೆ ಹೆಸರಿಟ್ಟವನು ನೀನು. ಮಳೆಗಾಲದಾಗ ಹಳ್ಳ ಬಂದ್ರ ಯಾರ ಮಾತೂ ಕೇಳೂದಿಲ್ಲ, ನಾವೂ ಹಂಗ ಬಾರಸೂಣು ಅಂದವನು ನೀನು. ಈಗ ಹಳ್ಳ ದಾಟಿ ಮೊದಲು ಓಡಿದವನೂ ನೀನೇ.

ಈಗ ಕೆಲಸದ ಮಾತು. ಜನವರಿಯಲ್ಲಿ ಅಣ್ಣಿಗೇರಿ ಕಾಲೇಜಿನ ಗ್ಯಾದರಿಂಗಿಗೆ ನಾವು ಬರುತ್ತೇವೆ ಅಂತ ಒಪ್ಪಿಕೊಂಡದ್ದು ಗೊತ್ತೇ ಇದೆಯಲ್ಲ. ಹೊಸ ಗಿಟಾರಿನವನನ್ನು ಹುಡುಕಿದೆವು. ನವಲಗುಂದದ ಒಬ್ಬ ಬಂದ, ಸಿನಿಮಾ ಹಾಡು ಬಿಟ್ಟರೆ ಮತ್ತೊಂದು ನುಡಿಸುವುದಿಲ್ಲವಂತೆ. ಹುಬ್ಬಳ್ಳಿಯ ಇನ್ನೊಬ್ಬ ನಮ್ಮ ಹತ್ತಿ ಖೋಲಿ ನೋಡಿಯೇ ಹೊರಟುಹೋದ. ಮಾಂತೇಶ ಒಂದು ದಾರಿ ಹೇಳುತ್ತಾನೆ. ಹೋದ ಬೇಸಿಗೆಯಲ್ಲಿ ದರ ಬರಲಿ ಅಂತ ಅವರ ಮನೆಯವರು ಹತ್ತಿ ಮಾರದೆ ಜಂತಿಯವರೆಗೆ ತುಂಬಿಟ್ಟಿದ್ದರಲ್ಲ, ಆಗ ಅದರ ನಡುವೆ ಕೂತು ಎಲ್ಲ ಹಾಡು ರೆಕಾರ್ಡ್ ಮಾಡಿದ್ದೆವಲ್ಲ. ನಿನ್ನ ಗಿಟಾರು ಬೇರೆ, ಶಿವಾಜಿಯ ಬೇಸು ಬೇರೆ, ನನ್ನ ದನಿ ಬೇರೆ. ಎಲ್ಲಾ ಅವನ ಪೆನ್‌ಡ್ರೈವಿನಲ್ಲಿ ಇದೆ. "ಆಸೀಫನ ಗಿಟಾರ್ ಪೆನ್‌ಡ್ರೈವ್ಲೆ ಹಚ್ಚೂಣು, ಮಂದಿಗೆ ಏನ್ ತಿಳೀತೈತಿ?" ಅನ್ನುತ್ತಾನೆ.

ನಿನ್ನನ್ನು ಕೇಳದೆ ಹಚ್ಚಬಾರದು ಅಂತ ನಾನು ಹಟ ಹಿಡಿದಿದ್ದೇನೆ. ನಿನ್ನ ಮೇಲೆ ಸಿಟ್ಟಿದೆ, ಆದರೂ ಅದು ನಿನ್ನ ಕೈ. ಹಚ್ಚಬೇಕೋ ಬೇಡವೋ ನೀನೇ ಹೇಳು.

ನಿನ್ನ ಮೇಲೆ ಸಿಟ್ಟಿರುವ,
ಮಹಾಲಕ್ಷ್ಮಿ

ಪುಣೆ
೨ ಡಿಸೆಂಬರ್ ೨೦೨೪

ಮಾಲಕ್ಷ್ಮೀ,

ಬೈದದ್ದು ಪೂರ್ತಿ ಓದಿದೆ. ಎರಡು ಸಲ ಓದಿದೆ. ಇನ್ನೂ ಬೈಯಬಹುದಿತ್ತು.

ನಿನಗೆ ಹೇಳದೆ ಬಂದದ್ದು ಯಾಕೆಂದರೆ ಹೇಳಿದ್ದರೆ ಬರುತ್ತಿರಲಿಲ್ಲ. "ಹೋಗಬ್ಯಾಡ" ಅಂತ ನೀನು ಒಂದೇ ಮಾತು ಅಂದಿದ್ದರೂ ನಾನು ಹತ್ತಿ ಖೋಲಿಯಲ್ಲೇ ಕೂತುಬಿಡುತ್ತಿದ್ದೆ. ನನಗೂ ಒಮ್ಮೆ ದೊಡ್ಡ ಸ್ಟೇಜು ನೋಡುವ ಆಸೆ ಇತ್ತು. ಇಷ್ಟೇ ಕಾರಣ. ಬೇರೆ ಏನೂ ಇಲ್ಲ.

ಇಲ್ಲಿ ಬ್ಯಾಂಡಿನವರು ಒಳ್ಳೆಯವರು. ವಾರಕ್ಕೆ ನಾಲ್ಕು ದಿನ ಹೋಟೆಲುಗಳಲ್ಲಿ ಬಾರಿಸುತ್ತೇವೆ. ಕಿವಿಯಲ್ಲಿ ಒಂದು ಗುಂಡಿ ಇಟ್ಟುಕೊಳ್ಳಬೇಕು, ಅದರಲ್ಲಿ ಟಿಕ್ ಟಿಕ್ ಅನ್ನುತ್ತಿರುತ್ತದೆ. ಹಾಡುವವಳು ಉಸಿರು ತೆಗೆದುಕೊಂಡಳೋ ಬಿಟ್ಟಳೋ ಯಾರೂ ನೋಡುವ ಹಾಗಿಲ್ಲ, ಟಿಕ್ ಟಿಕ್ ಹೇಳಿದಂತೆ ಹೋಗಬೇಕು. ಮೊದಲ ದಿನ ನಾನು ಅವಳ ಕಡೆ ತಿರುಗಿ ಕಾಯುತ್ತಾ ನಿಂತೆ. ಎಲ್ಲರೂ ಮುಂದೆ ಹೋಗಿಬಿಟ್ಟಿದ್ದರು. ನಕ್ಕರು ನನ್ನ ನೋಡಿ.

ಪೆನ್‌ಡ್ರೈವ್ ಹಚ್ಚಿರಿ. ಹತ್ತಿಯ ನಡುವೆ ಕೂತು ಬಾರಿಸಿದ್ದು ಅಲ್ಲೇ ಇರಲಿ, ನನ್ನದೇನೂ ಗಂಟು ಹೋಗುವುದಿಲ್ಲ. 'ಹಳ್ಳ ತುಂಬೈತಿ' ಹಾಡಿನ ಕೊನೆಗೆ ಅಮ್ಮಿ ಹಿಂದಿನಿಂದ "ಬಸ್ ಮಾಡ್ರೋ, ಚಾ ಆರಾಕತ್ತೈತಿ" ಅಂತ ಕೂಗಿದ್ದಾಳಲ್ಲ, ಅದನ್ನು ಮಾತ್ರ ತೆಗೆಯಬೇಡಿರಿ ಅಂತ ಮಾಂತೇಶನಿಗೆ ಹೇಳು.

ಅಮ್ಮಿಯ ಕಡೆ ಆಗಾಗ ಹೋಗಿ ಬಾ. ನನ್ನ ಹೊಸ ನಂಬರ್ ಕೆಳಗೆ ಬರೆದಿದ್ದೇನೆ.

ನಿನ್ನ,
ಆಸೀಫ

ಶಲವಡಿ
೨೦ ಜನವರಿ ೨೦೨೫

ಆಸೀಫ,

ಫೋನು ಮಾಡಬಹುದಿತ್ತು. ಆದರೆ ಇದನ್ನು ಬಾಯಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅಪ್ಪ ಪಕ್ಕದ ಖೋಲಿಯಲ್ಲೇ ಇದ್ದಾನೆ. ಅದಕ್ಕೇ ಕಾಗದ.

ಅಣ್ಣಿಗೇರಿಯ ಕಾರ್ಯಕ್ರಮ ಮುಗಿಯಿತು. ಗಿಟಾರಿನ ಜಾಗ ಖಾಲಿ ಕಾಣಬಾರದು ಅಂತ ಮಾಂತೇಶ ಒಂದು ಫೋಟೋ ಸ್ಟುಡಿಯೋದಿಂದ ಗಿಟಾರು ತಂದಿದ್ದ. ಫೋಟೋ ತೆಗೆಸಿಕೊಳ್ಳುವ ಹುಡುಗರ ಕೊರಳಿಗೆ ಹಾಕುತ್ತಾರಲ್ಲ, ಅಂಥದ್ದು. ತಂತಿ ಎರಡೇ ಇದ್ದವು. ಶಿವಾಜಿಯ ಬೇಸನ್ನೂ ಪೆನ್‌ಡ್ರೈವಿಗೆ ಬಿಟ್ಟು, ಈ ಗಿಟಾರನ್ನು ಅವನ ಕೊರಳಿಗೆ ಹಾಕಿ ನಿಲ್ಲಿಸಿದರು. ಪಾಪ, ಅವನು ನಾಚಿಕೆಯಿಂದ ತಲೆ ಎತ್ತಲಿಲ್ಲ. ಮಂದಿ ಅದನ್ನೇ ಸ್ಟೈಲು ಅಂದುಕೊಂಡು ಸೀಟಿ ಹೊಡೆದರು.

'ಹಳ್ಳ ತುಂಬೈತಿ' ಬಂತು. ಕೊನೆಯ ಸಾಲು ನಿನಗೆ ಗೊತ್ತು.

ಹಳ್ಳ ತುಂಬಿ ಬಂದೈತಿ, ನಾ ಈ ದಂಡ್ಯಾಗ ನಿಂತೀನಿ,
ಯಾರನ್ನೂ ಕೇಳೂದಿಲ್ಲ ನಾ, ದಾಟತೀನಿ, ದಾಟತೀನಿ.

ಆ ಕೊನೆಯ 'ದಾಟತೀನಿ'ಯನ್ನು ನಾನು ಉಸಿರು ಇರುವ ತನಕ ಎಳೆಯುತ್ತೇನೆ. ನೀನು ನನ್ನ ಹೆಗಲು ನೋಡುತ್ತಾ ಕಾಯುತ್ತಿದ್ದೆ. ಹೆಗಲು ಇಳಿದ ಮೇಲೆಯೇ ನಿನ್ನ ಗಿಟಾರು. ಆವತ್ತು ನನಗೆ ಉಸಿರು ಅಗದಿ ಛಲೋ ಹಿಡಿದಿತ್ತು, ಇನ್ನೂ ಎಳೆಯುತ್ತಿದ್ದೆ. ನಿನ್ನ ಗಿಟಾರು ಹಿಂದಿನಿಂದ ಬಂದು ನನ್ನ ದನಿಯ ಮೇಲೆ ಬಿತ್ತು. ರೆಕಾರ್ಡ್ ಮಾಡುವಾಗ ನನಗೆ ಕೆಮ್ಮಿತ್ತು, ಬೇಗ ಬಿಟ್ಟಿದ್ದೆ, ನೆನಪಿದೆಯಾ? ಪೆನ್‌ಡ್ರೈವಿನ ಗಿಟಾರು ಅಷ್ಟೇ ಹೊತ್ತು ಕಾಯುತ್ತದೆ. ನಾನು ಬಾಯಿ ಮುಚ್ಚಿಕೊಂಡೆ. ನಿನ್ನ ಕೈಯೇ ನನ್ನ ಬಾಯಿ ಮುಚ್ಚಿದಂತಾಯಿತು, ಸುಳ್ಳು ಯಾಕೆ ಹೇಳಲಿ.

ಅದು ಹೋಗಲಿ. ಅಸಲು ಮಾತು ಬೇರೆ ಇದೆ. ಖಾಲಾ ಬಂದಿರಲಿಲ್ಲ.

ಇಷ್ಟು ವರ್ಷ ಎಲ್ಲಿ ಹಾಡಿದರೂ ಮುಂದಿನ ಸಾಲಿನ ನಟ್ಟನಡುವೆ ಖಾಲಾಳ ಖುರ್ಚಿ ಇರುತ್ತಿತ್ತು. ಚೀಲದಲ್ಲಿ ಡಬ್ಬಿ, ಕೈಯಲ್ಲಿ ಯಾರದೋ ರವಿಕೆ. ನಾವು ಇಲ್ಲಿ ಮೈಮೇಲೆ ಬಂದವರಂತೆ ಕಿರುಚುತ್ತಿದ್ದರೆ ಅವಳು ಸ್ಟೇಜಿನ ಲೈಟಿನ ಬೆಳಕಿಗೆ ಹುಕ್ಕು ಹಚ್ಚುತ್ತಾ ಕೂತಿರುತ್ತಿದ್ದಳು. ನಾನು ಮನೆಯಿಂದ ಹೊರಡುವಾಗ ಅಪ್ಪ ಕೇಳುತ್ತಿದ್ದದ್ದು ಒಂದೇ. "ಮೆಹರುನಬಿ ಅಕ್ಕಾರು ಹೊಂಟಾರೇನು? ಹೊಂಟಿದ್ರ ಹೋಗಿ ಬಾ." ನಮ್ಮ ಗಿರಣಿಗೆ ಜೋಳ ಬೀಸಿಸಲು ಬಂದವರು ಏನಾದರೂ ಅಂದರೂ ಅವನ ಉತ್ತರ ಇದೇ. "ಅಕ್ಕಾರು ಜೊತಿಗೆ ಇರತಾರ."

ಈ ಸಲ ಕರೆಯಲು ಹೋದೆ. "ನನ್ನ ಮಗನೇ ಇಲ್ಲ, ನಾ ಯಾವ ನೆವಕ್ಕ ಬರ್ಲಿ ಬೇ? ಮಂದಿ ಏನಂದಾರು?" ಅಂದಳು. ಅವಳ ಬದಲು ಅಪ್ಪನೇ ಬಂದ. ಗಿರಣಿ ಬಂದ್ ಮಾಡಿ, ಅಂಗಿಯ ಮೇಲಿನ ಹಿಟ್ಟೂ ಝಾಡಿಸದೆ ಬಂದು ಆ ಖುರ್ಚಿಯಲ್ಲೇ ಕೂತ. ನಾನು ಸ್ಟೇಜಿನ ಮೇಲೆ ಹಾಡುವುದನ್ನು ಅವನು ನೋಡಿದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ಗಿರಣಿಯ ಕಟ್ಟೆಯ ಮೇಲೆ ನನ್ನನ್ನು ನಿಲ್ಲಿಸಿ, "ಮಷಿನ್ನಿಗಿಂತ ಜೋರ್ ಹಾಡು ನೋಡೂಣು" ಅನ್ನುತ್ತಿದ್ದವನು ಇವನೇ. ಈ ಗಂಟಲು ಅವನೇ ಕೊಟ್ಟದ್ದು. ಹಿಂದಿನಿಂದ ಹುಡುಗರು ನನ್ನ ಹೆಸರು ಹಿಡಿದು ಕೂಗಿದರು, ಯಾವನೋ ಏನೇನೋ ಅಂದ. ಖಾಲಾ ಇದ್ದಾಗಲೂ ಕೂಗುತ್ತಿದ್ದರು. ಆದರೆ ಖಾಲಾ ತಿರುಗಿ ನೋಡಿದರೆ ಸುಮ್ಮನಾಗುತ್ತಿದ್ದರು. ಅಪ್ಪನಿಗೆ ತಿರುಗಿ ನೋಡಲು ಆಗಲಿಲ್ಲ.

ಅಪ್ಪನೂ ನಾನೂ ಬಸ್ಸಿನಲ್ಲಿ ಊರಿಗೆ ಬಂದೆವು. ಇಳಿದ ಮೇಲೆ, "ಛಲೋ ಹಾಡ್ತಿ. ಇನ್ನ ಸಾಕು" ಅಂದ.

ನನಗೆ ಹೆದರಿಕೆಯಾಗಿದೆ ಆಸೀಫ. ಗಿಟಾರಿನವನು ಹೋದರೆ ಗಿಟಾರು ಹೋಗುತ್ತದೆ ಅಂದುಕೊಂಡಿದ್ದೆ. ನೀನು ನನ್ನ ಬಾಗಿಲನ್ನೂ ಹೊತ್ತುಕೊಂಡು ಹೋಗಿದ್ದೀಯ.

ಮಹಾಲಕ್ಷ್ಮಿ

ಪುಣೆ
೮ ಫೆಬ್ರವರಿ ೨೦೨೫

ಮಾಲಕ್ಷ್ಮೀ,

ಅಲ್ಲಾಹ್ ಕಸಮ್, ಇದು ನನ್ನ ತಲೆಗೆ ಹೊಳೆಯಲೇ ಇಲ್ಲ. ಅಮ್ಮಿ ನನ್ನ ಮೇಲಿನ ಕಾಳಜಿಗೆ ಬರುತ್ತಾಳೆ, ಮಗ ಹೊತ್ತಿಗೆ ಸರಿಯಾಗಿ ಉಣ್ಣಲಿ ಅಂತ ಡಬ್ಬಿ ತರುತ್ತಾಳೆ ಅಂತಲೇ ತಿಳಿದಿದ್ದೆ. ಅವಳು ಕೂತ ಖುರ್ಚಿಯ ಮೇಲೆ ನಿನ್ನ ಹಾಡು ನಿಂತಿತ್ತು ಅನ್ನುವುದು ಇಲ್ಲಿ ಕೂತು ನಿನ್ನ ಕಾಗದ ಓದಿದಾಗ ತಿಳಿಯಿತು. ಮೂರ್ಖ ನಾನು.

ಅಮ್ಮಿಗೆ ಫೋನು ಮಾಡಿದ್ದೆ. ನಾನು ಇಲ್ಲದಿದ್ದರೂ ನೀನು ಮಾಲಕ್ಷ್ಮಿಯ ಜೊತೆ ಹೋಗಲೇಬೇಕು ಅಂತ ಅವಳಿಗೆ ಹೇಳಿದೆ. ಮೊದಲು ಬೈದಳು. ಆಮೇಲೆ, "ಯಲ್ಲಪ್ಪಣ್ಣನ ಮನಿಗೆ ನಾನs ಹೋಗಿ ಕೇಳತೀನಿ ತಗೋ" ಅಂದಳು. ನಿನ್ನ ಅಪ್ಪ ಅವಳ ಮಾತು ತೆಗೆದುಹಾಕುವವರಲ್ಲ. ಧೈರ್ಯವಾಗಿರು.

ಇಲ್ಲಿ ನನ್ನದೂ ಅಷ್ಟಕ್ಕಷ್ಟೇ. ಹೋಟೆಲಿನ ಮಂದಿ ಉಣ್ಣುತ್ತಿರುತ್ತಾರೆ, ನಾವು ಬಾರಿಸುತ್ತಿರುತ್ತೇವೆ. ಯಾರೂ ಈ ಕಡೆ ನೋಡುವುದಿಲ್ಲ. ನಮ್ಮ ಹಾಡು ಒಂದು ಬಾರಿಸಿ ತೋರಿಸಿದೆ. ಛಲೋ ಇದೆ, ಆದರೆ ಇಲ್ಲಿ ನಡೆಯುವುದಿಲ್ಲ ಅಂದರು.

ಅಮ್ಮಿ ಹೋಗಿ ಬಂದ ಮೇಲೆ ಏನಾಯಿತು ಬರೆ.

ಆಸೀಫ

ಶಲವಡಿ
೧೬ ಮಾರ್ಚ್ ೨೦೨೫

ಆಸೀಫ,

ಖಾಲಾ ಬಂದಿದ್ದಳು. ಹಸಿರು ಸೀರೆ ಉಟ್ಟು, ತಲೆ ಮೇಲೆ ಸೆರಗು ಹೊದ್ದು, ಹೆಣ್ಣು ಕೇಳಲು ಬಂದವರ ಹಾಗೆ ಪಡಸಾಲೆಯಲ್ಲಿ ಕೂತಳು. ಅವ್ವ ಚಹಾ ಕೊಟ್ಟಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಮಾಲಕ್ಷ್ಮಿನ ಹಾಡಾಕ ಕಳಸ್ರಿ ಅಣ್ಣಾರ. ನಾ ಮೊದಲಿನಂಗ ಜೊತಿಗೆ ಹೋಗತೀನಿ. ಆಕಿ ನನಗೂ ಮಗಳಿದ್ದಂಗ" ಅಂದಳು.

ಅಪ್ಪ ಕಪ್ಪು-ಬಸಿ ಕೆಳಗಿಟ್ಟ. ಆಮೇಲೆ ಮೆತ್ತಗೆ ಕೇಳಿದ. "ಅಕ್ಕಾರ, ನಿಮ್ಮ ಮ್ಯಾಲೆ ನನಗ ಸಂಶೇ ಇಲ್ರಿ. ಆದ್ರ ಇಷ್ಟ ದಿನ ನಮ್ಮ ಹುಡುಗಿ ನಿಮ್ಮ ಜೊತಿ ಹೋಗತಿತ್ತು. ನೀವು ನಿಮ್ಮ ಮಗನ ಜೊತಿ ಹೋಗತಿದ್ರಿ. ನಿಮ್ಮ ಯಜಮಾನ್ರು ಬಾಷಾಸಾಬರಂತೂ ಮೊದಲs ಇಲ್ಲ, ಈಗ ಮಗಾನೂ ಇಲ್ಲ. ನೀವು ಯಾರ ಜೊತಿ ಹೋಗತೀರಿ?"

ಬೈದಿದ್ದರೆ ಖಾಲಾ ತಿರುಗಿ ಬೈಯುತ್ತಿದ್ದಳೇನೋ, ಅಷ್ಟು ಮರ್ಯಾದೆಯಿಂದ ಕೇಳಿದ್ದಕ್ಕೆ ಏನಂತ ಬೈದಾಳು? ಮೂವತ್ತು ವರ್ಷ ಊರ ಹೆಂಗಸರ ರವಿಕೆ ಹೊಲಿದವಳು, ನಿನ್ನನ್ನು ಒಬ್ಬಳೇ ಸಾಕಿದವಳು, ಅಣ್ಣಿಗೇರಿಗೆ ಹೋಗಲು ಅವಳಿಗೂ ಒಂದು ಜೊತೆ ಬೇಕಂತೆ. ಚಹಾ ಹಾಗೇ ಬಿಟ್ಟು ಎದ್ದು ಹೋದಳು. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಎರಡು ದಿನ ಅವನ ಮುಖ ನೋಡಲಿಲ್ಲ. ಅವನೂ ನನ್ನ ಮುಖ ನೋಡಲಿಲ್ಲ.

ಇನ್ನೊಂದು ಸುದ್ದಿ ಇದೆ. ಕಲಘಟಗಿಯ ಒಂದು ಮನೆಯವರು ನನ್ನನ್ನು ನೋಡಿ ಹೋದರು. ಹುಡುಗನ ಹೆಸರು ನಿಂಗರಾಜ, ಗೊಬ್ಬರ ಬೀಜದ ಅಂಗಡಿ ಇದೆ. ನೋಡಲು ಬಂದಾಗ ಅವನ ಸೋದರತ್ತೆ ದೇವಕ್ಕ, "ಒಂದು ಹಾಡು ಅನ್ನವಾ, ದೇವರದಾದ್ರೂ ಆಗಲಿ" ಅಂದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಅವ್ವ ಸಾವಿತ್ರೆವ್ವ, "ಆಕಿಗೆ ಹಾಡು ಗೀಡು ಏನೂ ಬರೂದಿಲ್ರಿ" ಅಂದುಬಿಟ್ಟಳು. ಆಮೇಲೆ ಒಳಗೆ ಕರೆದು ಕೈ ಹಿಡಿದುಕೊಂಡು ಹೇಳಿದಳು, "ಸ್ಟೇಜ್ ಮ್ಯಾಲೆ ಹಾಡಿದ ಹುಡುಗಿ ಅಂತ ತಿಳಿದ್ರ ಈ ಸಂಬಂಧಾನೂ ಹೋಗತೈತಿ. ಹಿಂದಿನ ಎರಡು ಅದಕ್ಕs ಹ್ವಾದುವು. ನಿನ್ನ ಕಾಲು ಬೀಳತೀನಿ, ಹಾಡ ಮರತಬಿಡು." ಅವ್ವ ಹಾಗೆ ಅಂದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಹೂಂ ಅಂದೆ. ಸಂಬಂಧ ಕೂಡಿತು.

ನನ್ನ ಫೋನು ಈಗ ಅಪ್ಪನ ಹತ್ತಿರ ಇದೆ. ಅದಕ್ಕೇ ಖಾಲಾಳ ಮನೆಯ ವಿಳಾಸಕ್ಕೆ ಬರೆ. ಮದುವೆ ರವಿಕೆಗಳ ಅಳತೆ ಅಂತ ಹೋಗಿ ಅಲ್ಲೇ ಓದುತ್ತೇನೆ. ಖಾಲಾಳಿಗೂ ಓದಿ ಹೇಳುತ್ತೇನೆ.

ಬೆಣ್ಣಿಹಳ್ಳ ನಿಂತಿಲ್ಲ ಅನ್ನುವುದು ನಿನಗೆ ಗೊತ್ತಿರಲಿಕ್ಕಿಲ್ಲ. ಮಾಂತೇಶ ನನ್ನ ದನಿಯನ್ನೂ ಪೆನ್‌ಡ್ರೈವಿನಿಂದ ಹಚ್ಚುತ್ತಿದ್ದಾನೆ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಸ್ಪೀಕರು ಪೇರಿಸಿ ಮದುವೆ, ಮೆರವಣಿಗೆ ಅಂತ ಊರೂರು ತಿರುಗುತ್ತಾರೆ. ಅವನು ಮಾತ್ರ ಖರೆ ಡ್ರಮ್ಸ್ ಬಾರಿಸುತ್ತಾನೆ. ಶಿವಾಜಿ ಸುಮ್ಮನೆ ಗಿಟಾರು ಹಾಕಿಕೊಂಡು ನಿಲ್ಲುತ್ತಾನೆ. ಮೊನ್ನೆ ನಮ್ಮ ಓಣಿಯಲ್ಲೇ ಹಾದು ಹೋಯಿತು. ನಾನು ರೊಟ್ಟಿ ಬಡಿಯುತ್ತಿದ್ದೆ. ನನ್ನ ದನಿ ಓಣಿ ತುಂಬಾ "ಯಾರನ್ನೂ ಕೇಳೂದಿಲ್ಲ ನಾ, ದಾಟತೀನಿ" ಅಂತ ಕೂಗುತ್ತಾ ಹೋಯಿತು. ಅವ್ವ ಎದ್ದು ಹೋಗಿ ಕಿಟಕಿ ಹಾಕಿದಳು. ನನ್ನ ದನಿಗೆ ಊರೆಲ್ಲಾ ತಿರುಗಲು ಬಿಟ್ಟಿದ್ದಾರೆ, ನನ್ನನ್ನು ಮಾತ್ರ ಬಿಟ್ಟಿಲ್ಲ.

ಮಾಂತೇಶನ ಮನೆಯವರು ಹತ್ತಿ ಮಾರಿದರು. ಖೋಲಿ ಖಾಲಿಯಾಗಿದೆ.

ಮಹಾಲಕ್ಷ್ಮಿ

ಶಲವಡಿ
೪ ಏಪ್ರಿಲ್ ೨೦೨೫

ದೋಸ್ತ ಆಸೀಫ,

ಫೋನಿನ್ಯಾಗ ನೀ ಒಬ್ಬನs ಬೈದಿ, ನನಗ ಮಾತಾಡಾಕ ಬಿಡಲಿಲ್ಲ. ಅದಕ್ಕ ಮೊದಲನೇ ಸಲ ನಿನಗ ಕಾಗದ ಬರಿಯಾಕತ್ತೀನಿ, ತಪ್ಪಿದ್ರ ನಗಬ್ಯಾಡ.

ಮಾಲಕ್ಷ್ಮಿ ದನಿ ಮಾರಾಕತ್ತಿಯಲ್ಲೋ ಅಂದಿ. ಲೇ, ನಿನ್ನ ಗಿಟಾರ್ ಹಚ್ಚಬೇಕಾದ್ರ ಹೂಂ ಅಂದಾಂವ ನೀನು. ಅವತ್ತ ಹೂಂ ಅಂದದ್ದಕ್ಕ ಇವತ್ತ ಇಲ್ಲಿಗೆ ಬಂತು. ಮೊದಲ ಒಬ್ಬನ ಜಾಗಾಕ್ಕ ಪೆನ್‌ಡ್ರೈವ್, ಆಮ್ಯಾಲೆ ಇಬ್ಬರದು, ಈಗ ಮೂವರದು. ಒಂದಿನ ನನ್ನ ಡ್ರಮ್ಮೂ ಅದರಾಗs ಹೋಗತೈತಿ, ನನಗ ಗೊತ್ತೈತಿ.

ನಾ ಆಕಿನ ಬಿಟ್ಟು ಹಾಡ ಹಚ್ಚಿದೆ ಅಂದ್ಯಲ್ಲ. ಆಕಿ ಮನಿಗೆ ಹೋಗಿ ಕೈ ಮುಗದು ಕೇಳಿದೆ. ಯಲ್ಲಪ್ಪ ಕಾಕಾ ಗಿರಣಿ ಬಾಗಲದಾಗs ನಿಲ್ಲಿಸಿ ಕಳಿಸಿದ. ಬ್ಯಾರೆ ಹುಡುಗಿನ ಹಾಡಾಕ ಕರಿಬೇಕಾಗಿತ್ತು ಅಂತಿ. ಆ ಹಾಡು ಬ್ಯಾರೆದಾಕಿ ಹಾಡಿದ್ರ ನೀ ಕೇಳತಿದ್ದೇನು? ನಾ ಅಂತೂ ಬಾರಸ್ತಿರಲಿಲ್ಲ. ಮಂದಿ ಕೇಳೂದು ಆಕಿ ದನಿನs. ಊರಾಗ ಬ್ಯಾಂಡ್ ಸತ್ತಿತು ಅನ್ನಿಸಿಕೊಳ್ಳೂದಕ್ಕಿಂತ ಹಿಂಗರ ಇರಲಿ ಅಂದೆ. ತಪ್ಪೋ ಬರೋಬರಿಯೋ ನನಗ ತಿಳಿಯವಲ್ದು.

ಆಕಿ ಮದಿವಿ ಮೇ ತಿಂಗಳದಾಗ. ಗಂಡಿನವ್ರು ಮೆರವಣಿಗಿಗೆ ಬೆಣ್ಣಿಹಳ್ಳನs ಬೇಕಂತ ಫೋನ್ ಹಚ್ಚಿದ್ರು. ಯಾರ ಮದಿವಿ ಅಂತ ಗೊತ್ತಾಗೂದ್ರಾಗ ಶಿವಾಜಿ ಹೂಂ ಅಂದುಬಿಟ್ಟಾನ. ನಾ ಏನ್ ಮಾಡ್ಲಿ, ನೀನs ಹೇಳು.

ಮಾಂತೇಶ

ಪುಣೆ
೨೭ ಏಪ್ರಿಲ್ ೨೦೨೫

ಮಾಲಕ್ಷ್ಮೀ,

ಇದನ್ನು ಅಮ್ಮಿಗೆ ಓದಿ ಹೇಳಬೇಡ.

ನಾನು ಬರುತ್ತೇನೆ. ಮದುವೆಗೆ ಮೊದಲು ಬಂದು ನಿನ್ನ ಅಪ್ಪನ ಮುಂದೆ ಕೂಡುತ್ತೇನೆ. ಹಿಂದಕ್ಕೆ ಬಂದಿದ್ದೇನೆ, ಅಮ್ಮಿ ನನ್ನ ಜೊತೆ ಬರುತ್ತಾಳೆ, ಮಾಲಕ್ಷ್ಮಿ ಅಮ್ಮಿಯ ಜೊತೆ ಬರಲಿ, ಎಲ್ಲಾ ಮೊದಲಿನ ಹಾಗೆ ಅನ್ನುತ್ತೇನೆ. ಕಲಘಟಗಿಯವರಿಗೂ ನಾನೇ ಹೋಗಿ ಹೇಳುತ್ತೇನೆ, ನೀವು ಕುಣಿಯುವ ಹಾಡು ನಿಮ್ಮ ಸೊಸೆಯದೇ ಅಂತ. ಗೊತ್ತಿದ್ದು ಒಪ್ಪಿದರೆ ಒಪ್ಪಲಿ, ಇಲ್ಲವಾದರೆ ಬಿಡಲಿ.

ಇಲ್ಲಿಯ ಬ್ಯಾಂಡು ಬಿಟ್ಟೆ. ಅವರು ನನ್ನ ಬದಲು ಇನ್ನೊಬ್ಬನನ್ನು ಅದೇ ದಿನ ನಿಲ್ಲಿಸಿಕೊಂಡರು. ಯಾರಿಗೂ ಏನೂ ಅನಿಸಲಿಲ್ಲ. ನಾನು ಎಲ್ಲಿಂದ ಎದ್ದು ಬಂದೆ ಅನ್ನುವುದು ಆಗ ತಿಳಿಯಿತು.

ನೀನು ಬಾ ಅಂತ ಒಂದು ಸಾಲು ಬರೆ. ಅಷ್ಟು ಸಾಕು. ಟಿಕೆಟ್ ತೆಗೆಸಿಕೊಂಡೇ ಕೂತಿರುತ್ತೇನೆ. ಈ ಸಲ ನಿನ್ನನ್ನು ಕೇಳದೆ ಏನೂ ಮಾಡುವುದಿಲ್ಲ.

ಆಸೀಫ

ಶಲವಡಿ, ನಿನ್ನ ಅಮ್ಮಿಯ ಮನೆಯಿಂದ
೩೦ ಜುಲೈ ೨೦೨೫

ಆಸೀಫ,

ಪಂಚಮಿಗೆ ತವರಿಗೆ ಬಂದಿದ್ದೇನೆ. ಮದುವೆಯಾದ ಮೇಲಿನ ಮೊದಲ ಪಂಚಮಿ ಅಲ್ಲವಾ, ಕಳಿಸಿದರು. ಹಬ್ಬದ ಉಂಡಿ ಕೊಡುವ ನೆಪದಲ್ಲಿ ಖಾಲಾಳ ಮನೆಗೆ ಬಂದು ಈ ಕಾಗದ ಬರೆಯುತ್ತಿದ್ದೇನೆ.

ಏಪ್ರಿಲ್‌ನಲ್ಲಿ ನೀನು ಬರೆದದ್ದು ನನಗೆ ಸಿಕ್ಕಿತ್ತು. ಬೇಕೆಂದೇ ಉತ್ತರ ಬರೆಯಲಿಲ್ಲ. 'ಬಾ' ಅಂತ ಬರೆದು ಹರಿದೆ, ಮತ್ತೆ ಬರೆದು ಹರಿದೆ. ನೀನು ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದರೆ ಮಾತು ಹಾಡಿನ ಮೇಲೆ ನಿಲ್ಲುತ್ತಿರಲಿಲ್ಲ. ಈ ಹುಡುಗನಿಗೂ ಆ ಹುಡುಗಿಗೂ ಏನು ಅಂತ ಶುರುವಾಗಿ, ನೀನು ಯಾರವನು, ನಾನು ಯಾರವಳು ಅನ್ನುವಲ್ಲಿಗೆ ಹೋಗುತ್ತಿತ್ತು. ನೀನು ಮತ್ತೆ ಪುಣೆಗೆ ಹೋಗುತ್ತಿದ್ದೆ, ನಾನು ಹೇಗೂ ಕಲಘಟಗಿಗೆ ಹೋಗುತ್ತಿದ್ದೆ. ಇಲ್ಲಿ ಈ ಮನೆಯಲ್ಲಿ, ಈ ಮಷೀನಿನ ಮುಂದೆ, ಒಬ್ಬಳೇ ಕೂತಿರುವವಳು ಖಾಲಾ. ಕಾಲ ಹೇಗಿದೆ ಅಂತ ನಿನಗೇ ಗೊತ್ತು. ನನಗೆ ಆ ಧೈರ್ಯ ಬರಲಿಲ್ಲ.

ಮದುವೆಯ ದಿನದ್ದು ನೀನು ಕೇಳಿಲ್ಲ, ಆದರೂ ಹೇಳಬೇಕು. ಇನ್ನು ಯಾರಿಗೆ ಹೇಳಲಿ?

ಅಕ್ಕಿಕಾಳು ಬಿದ್ದ ಮೇಲೆ ನಮ್ಮಿಬ್ಬರನ್ನೂ ತೆರೆದ ಜೀಪಿನಲ್ಲಿ ಕೂರಿಸಿ ಮೆರವಣಿಗೆ ಹೊರಡಿಸಿದರು. ಮುಂದೆ ಮಾಂತೇಶನ ಟ್ರೇಲರು. ಅವನು ನನ್ನ ಕಡೆ ನೋಡಲೇ ಇಲ್ಲ, ತಲೆ ಬಗ್ಗಿಸಿ ಬಾರಿಸುತ್ತಿದ್ದ. ಸಿನಿಮಾ ಹಾಡುಗಳನ್ನೇ ಹಚ್ಚಿದ್ದ. ಗಂಡಿನ ಕಡೆಯ ಹುಡುಗರು "ಹಳ್ಳದ್ದ ಹಚ್ಚಲೇ, ಹಳ್ಳದ್ದ ಹಚ್ಚು" ಅಂತ ಕೂಗಿದರು. ಮಾಂತೇಶ ಇಲ್ಲ ಇಲ್ಲ ಅಂತ ಕೈ ಆಡಿಸಿದ. "ಕೆಟ್ಟೈತ್ರಿ ಅದು, ಹತ್ತೂದಿಲ್ರಿ" ಅಂದ. ಯಾರೋ ಟ್ರೇಲರು ಹತ್ತಿ ತಾವೇ ಹಚ್ಚಿದರು.

ನಿನ್ನ ಗಿಟಾರು ಬಂತು. ಆಮೇಲೆ ನಾನು ಬಂದೆ.

ಅಪ್ಪ ರುಮಾಲು ಸುತ್ತಿಕೊಂಡು ಜೀಪಿನ ಮುಂದೆ ನಡೆಯುತ್ತಿದ್ದ. ಹಾಡು ಕೇಳಿದ ಕೂಡಲೇ ಅವನ ಕಾಲು ನಿಂತವು. ತಿರುಗಿ ನೋಡುತ್ತಾನೆ ಅಂದುಕೊಂಡೆ. ನೋಡಲಿಲ್ಲ. ಹಿಂದಿನವರು ಬಂದು ತಾಕಿದ ಮೇಲೆ ಮತ್ತೆ ನಡೆದ. ನಾನು ಬಾಸಿಂಗ ಕಟ್ಟಿಕೊಂಡು, ಕೈಯಲ್ಲಿ ತೆಂಗಿನಕಾಯಿ ಹಿಡಿದು, ಬಾಯಿ ಮುಚ್ಚಿಕೊಂಡು ಕೂತಿದ್ದೆ. ನನ್ನ ಮುಂದೆಯೇ ನಾನು ಗಂಟಲು ಹರಿದುಕೊಂಡು ಯಾರನ್ನೂ ಕೇಳುವುದಿಲ್ಲ, ದಾಟುತ್ತೇನೆ, ದಾಟುತ್ತೇನೆ ಅಂತ ಕೂಗುತ್ತಿದ್ದೆ. ಕೊನೆಯ ಸಾಲಿಗೆ ಒಳಗೊಳಗೇ ಉಸಿರು ಎಳೆದೆ. ರೂಢಿ, ಏನು ಮಾಡಲಿ. ಆ ಕೆಮ್ಮಿನ ದನಿ ಬೇಗ ಬಿಟ್ಟಿತು, ನನ್ನ ಎದೆಯಲ್ಲಿ ಉಸಿರು ಹಾಗೇ ಉಳಿಯಿತು.

ದೇವಕ್ಕ ಜೀಪಿನ ಪಕ್ಕ ನಡೆಯುತ್ತಿದ್ದಳು. "ಯಾರ್ ಹಾಡ್ಯಾರವಾ ಇದನ್ನ? ಏನ್ ಗಂಟಲಾ!" ಅಂದಳು. ಅವ್ವ ನನ್ನ ಸೆರಗು ಸರಿ ಮಾಡುತ್ತಾ, "ಯಾರೋ ಏನೋರಿ" ಅಂದಳು.

ಅಷ್ಟರಲ್ಲಿ ಹಾಡು ಮುಗಿದು "ಬಸ್ ಮಾಡ್ರೋ, ಚಾ ಆರಾಕತ್ತೈತಿ" ಬಂತು. ಮಂದಿಯೆಲ್ಲಾ ಹೋ ಅಂತ ನಕ್ಕರು. ಖಾಲಾ ಹೆಂಗಸರ ನಡುವೆ ಇದ್ದಳು. ತನ್ನ ದನಿ ಕೇಳಿ ಬೆಚ್ಚಿದಳು. ಅವಳನ್ನು ಆಮೇಲೆ ಮೆರವಣಿಗೆಯಲ್ಲಿ ಕಾಣಲಿಲ್ಲ. ತಿರುಗಿ ಮಂಟಪಕ್ಕೆ ಬಂದಾಗ ನೋಡಿದೆ. ಖಾಲಿ ಮಂಟಪದಲ್ಲಿ ಮುಂದಿನ ಸಾಲಿನ ನಟ್ಟನಡುವಿನ ಖುರ್ಚಿಯಲ್ಲಿ ಒಬ್ಬಳೇ ಕೂತಿದ್ದಳು. ಕೈಯಲ್ಲಿ ಹೊಲಿಗೆ ಇರಲಿಲ್ಲ. ನಾನು ಒಳಗೆ ಬರುವವರೆಗೂ ನನ್ನನ್ನೇ ನೋಡುತ್ತಾ ಕೂತಿದ್ದಳು.

ನಿಂಗರಾಜರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದೆ. ಬೈಯುವುದಿಲ್ಲ, ಕುಡಿಯುವುದಿಲ್ಲ, ಸಂತೆಯಿಂದ ಹೂವು ತರುತ್ತಾರೆ. ಆ ಹಾಡು ಅವರಿಗೆ ಬಹಳ ಸೇರಿದೆ. ಮಾಂತೇಶನಿಂದ ಫೋನಿಗೆ ಹಾಕಿಸಿಕೊಂಡಿದ್ದಾರೆ. ದಿನಾ ಬೆಳಿಗ್ಗೆ ಗಡ್ಡ ಮಾಡಿಕೊಳ್ಳುವಾಗ ಅದನ್ನು ಹಚ್ಚಿಕೊಂಡು ತಾವೂ ಗುನುಗುತ್ತಾರೆ. ಚಾ ಆರಾಕತ್ತೈತಿ ಅನ್ನುವಲ್ಲಿ ದಿನಾ ನಗುತ್ತಾರೆ. ನಾನು ಒಲೆಯ ಮುಂದೆ ಇರುತ್ತೇನೆ.

ಇಲ್ಲಿಗೆ ಬರುವ ಹಿಂದಿನ ದಿನ, ಕನ್ನಡಿಯಲ್ಲೇ ನನ್ನನ್ನು ನೋಡಿ, "ಯಾರ್ ಹಾಡ್ಯಾರ ಇದನ್ನ, ಗೊತ್ತೇನು ನಿನಗ? ನಿಮ್ಮ ಕಡೀದಾಕಿನs ಅಂತಾರ" ಅಂದರು.

"ಗೊತ್ತಿಲ್ರಿ" ಅಂದೆ.

"ನೀನೂ ಒಂದ ಸಾಲು ಅನ್ನು, ನೋಡೂಣು. ಇಲ್ಲಿ ಯಾರದಾರ?"

ಮನೆಯಲ್ಲಿ ಖರೇನೇ ಯಾರೂ ಇರಲಿಲ್ಲ ಆಸೀಫ. ಬಾಯಿ ತೆರೆದೆ. ಸುಳ್ಳು ಹೇಳಬೇಕು ಅಂತ ತೆರೆಯಲಿಲ್ಲ, ಹಾಡಬೇಕು ಅಂತಲೇ ತೆರೆದೆ. ದನಿ ಬರಲಿಲ್ಲ. ಎಲ್ಲಿ ಹೋಯಿತೋ ಗೊತ್ತಿಲ್ಲ. ಫೋನಿನಲ್ಲಿ ಮಾತ್ರ ಜೋರಾಗಿ ಹಾಡುತ್ತಲೇ ಇತ್ತು.

"ನನಗ ಹಾಡಾಕ ಬರೂದಿಲ್ರಿ" ಅಂದೆ.

ಇನ್ನು ಬರೆಯಬೇಡ. ಕಲಘಟಗಿಗೂ ಬೇಡ, ಇಲ್ಲಿಗೂ ಬೇಡ. ಅಮ್ಮಿಯನ್ನು ನೋಡಲು ಬಾ, ಅವಳು ಸೊರಗಿದ್ದಾಳೆ. ಇಷ್ಟು ಬರೆಯುವ ಹೊತ್ತಿಗೆ ಎರಡು ಸಲ ಕರೆದಳು, ಚಹಾ ಆರುತ್ತಿದೆಯಂತೆ. ಹೋಗುತ್ತೇನೆ.

ಮಹಾಲಕ್ಷ್ಮಿ